ರೇಲಿಂಗ್, ಬಲೆ, ಬೆಲ್ಟ್, ಬ್ಲಾಕ್: ಒಂಬತ್ತು ಮಹಡಿ ಏರುವಷ್ಟರಲ್ಲಿ ಕಂಡದ್ದು

ಮೊದಲ ಮಹಡಿಯ ಸ್ಲ್ಯಾಬಿನ ಅಂಚಿನಿಂದ ನೂರು ಕಿಲೋ ತೂಕದ ಮರಳಿನ ಮೂಟೆಯೊಂದನ್ನು ಕೆಳಗೆ ತಳ್ಳಿದೆವು. ಮೂಟೆಗೆ ಹೊಸ ಲ್ಯಾನ್ಯಾರ್ಡ್ ಕಟ್ಟಿತ್ತು. ಭುಜಕ್ಕೂ ತೊಡೆಗೂ ಪಟ್ಟಿಯಿರುವ ಸೇಫ್ಟಿ ಬೆಲ್ಟಿನ ಬೆನ್ನಿನ ಬಳೆಯಿಂದ ಹೊರಟು ಕೊಕ್ಕೆಯಲ್ಲಿ ಮುಗಿಯುವ 1.8 ಮೀಟರ್ ಉದ್ದದ ಪಟ್ಟಿ ಅದು. ಕೊಕ್ಕೆಯನ್ನು ಕಾಲಿನ ಮಟ್ಟದಲ್ಲಿ, ನಮ್ಮ ಕೆಲಸಗಾರರು ದಿನವೂ ಸಿಕ್ಕಿಸುತ್ತಿದ್ದ ಜಾಗದಲ್ಲೇ ಸಿಕ್ಕಿಸಿದ್ದೆವು. ಮೂಟೆಯ ಬಾಯಿಯಿಂದ ಒಂದೂವರೆ ಮೀಟರ್ ಹಗ್ಗ ಇಳಿಬಿಟ್ಟು, ಅದರ ತುದಿಗೆ ಹಳೆಯ ಬೂಟೊಂದನ್ನು ಕಟ್ಟಿದ್ದೆ. ಬೂಟು ಎಂದರೆ ಬೀಳುವವನ ಪಾದ ಎಂದು ಲೆಕ್ಕ.

ಲ್ಯಾನ್ಯಾರ್ಡ್ ಬಿಗಿಯಾಗುವ ಮೊದಲೇ ಬೂಟು ನೆಲಕ್ಕೆ ಬಡಿದಿತ್ತು. ಹಿಂದೆಯೇ ಮೂಟೆಯೂ ಬಡಿಯಿತು. ಹೋಗಿ ನೋಡಿದರೆ ಪಟ್ಟಿ ಹರಿದಿಲ್ಲ, ಕೊಕ್ಕೆ ಬಾಗಿಲ್ಲ, ಹೊಡೆತ ಹೀರಿಕೊಳ್ಳುವ ಶಾಕ್ ಅಬ್ಸಾರ್ಬರ್ ಅರ್ಧವಷ್ಟೇ ಬಿಚ್ಚಿಕೊಂಡಿತ್ತು. ಸಾಮಾನಿನಲ್ಲಿ ಒಂದು ದೋಷವೂ ಇರಲಿಲ್ಲ. ಅದು ತನ್ನ ಕೆಲಸ ಮುಗಿಸಲು ನೆಲ ಬಿಡಲಿಲ್ಲ, ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯಲು ಕಟ್ಟುವ ತಾತ್ಕಾಲಿಕ ಅಚ್ಚು) ಮೇಸ್ತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಇಷ್ಟು ದಿನ ನಾವು ಹಾಕಿಕೊಂಡಿದ್ದು ಏನು ಸರ್?" ಎಂದರು.

ಆ ಕಟ್ಟಡದಲ್ಲಿ ಸುರಕ್ಷತೆಯ ಹೊಣೆ ನನ್ನದು. ನೆಲಮಟ್ಟದಿಂದ ಒಂಬತ್ತನೇ ಮಹಡಿಯವರೆಗೆ, ಬೀಳದಂತೆ ಅಥವಾ ಬಿದ್ದರೂ ಉಳಿಯುವಂತೆ ಕಾಯುವ ನಾಲ್ಕು ವ್ಯವಸ್ಥೆಗಳನ್ನು ಬೇರೆ ಬೇರೆ ಹಂತಗಳಲ್ಲಿ ಹಾಕಿ ನೋಡಿದೆವು: ಅಂಚಿನ ರೇಲಿಂಗ್, ಕೆಳಗೆ ಬಲೆ, ಬೆಲ್ಟಿನ ಜೊತೆ ಲ್ಯಾನ್ಯಾರ್ಡ್, ಮತ್ತು ತಾನಾಗಿ ಸುತ್ತಿಕೊಳ್ಳುವ ಬ್ಲಾಕ್. ಯಾವುದು ಗಟ್ಟಿ ಎಂಬ ಪ್ರಶ್ನೆಗಿಂತ, ಕೆಲಸಗಾರ ಮರೆತ ದಿನ ಇದು ಏನು ಮಾಡುತ್ತದೆ ಎಂಬ ಪ್ರಶ್ನೆ ಇಟ್ಟುಕೊಂಡು ನಾಲ್ಕನ್ನೂ ಅಳೆದೆ. ಮರೆವು ಖಂಡಿತ ಬರುತ್ತದೆ. ನನಗೂ ಬಂದಿದೆ, ಮೂರನೇ ಮಹಡಿಯಲ್ಲಿ ಫೋನಿನಲ್ಲಿ ಮಾತಾಡುತ್ತಾ ಕೊಕ್ಕೆ ಹಾಕದೆ ಅಂಚಿನವರೆಗೆ ನಡೆದುಹೋದವನು ನಾನೇ.

ಮೊದಲು ಲ್ಯಾನ್ಯಾರ್ಡ್ ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ತರಿಸುವುದು ಅದನ್ನೇ. ಲೆಕ್ಕ ಹೀಗಿದೆ. ಕಾಲಿನ ಮಟ್ಟದಲ್ಲಿ ಕೊಕ್ಕೆ ಹಾಕಿದವನು ಅಂಚಿನಿಂದ ಜಾರಿದರೆ ಬೆನ್ನಿನ ಬಳೆ 1.8 ಮೀಟರ್ ಕೆಳಗೆ ಇಳಿದ ಮೇಲೆಯೇ ಪಟ್ಟಿ ಬಿಗಿಯಾಗುತ್ತದೆ. ಬಳೆಯಿಂದ ಪಾದಕ್ಕೆ ಸುಮಾರು ಒಂದೂವರೆ ಮೀಟರ್. ಅಲ್ಲಿಗೇ 3.3 ಮೀಟರ್ ಆಯಿತು. ಅಬ್ಸಾರ್ಬರ್ ಬಿಚ್ಚಿಕೊಳ್ಳಲು ಇನ್ನೊಂದು ಮೀಟರ್ ಬೇಕು, ಕೆಲವು ಬಗೆಗಳಿಗೆ ಅದಕ್ಕಿಂತಲೂ ಹೆಚ್ಚು. ಬೆಲ್ಟ್ ಹಿಗ್ಗುವುದಕ್ಕೂ ತಪ್ಪು ಲೆಕ್ಕಕ್ಕೂ ಮತ್ತೊಂದು ಮೀಟರ್ ಬಿಟ್ಟರೆ ಐದೂವರೆ ಮೀಟರ್ ಹತ್ತಿರ ಖಾಲಿ ಜಾಗ ಬೇಕು. ನಮ್ಮ ಮಹಡಿಯ ಎತ್ತರ 3.2 ಮೀಟರ್. ಎರಡನೇ ಸ್ಲ್ಯಾಬಿನಿಂದ ಬಿದ್ದವನೂ ಕೆಳಗಿನ ಬಾಲ್ಕನಿಗೋ ಸಾರವೆಯ ಹಲಗೆಗೋ ಬಡಿಯದಿದ್ದರೆ ಮಾತ್ರ ಉಳಿಯುತ್ತಾನೆ. ಎತ್ತರ ಹೆಚ್ಚಿದಷ್ಟೂ ಬೆಲ್ಟ್ ಮುಖ್ಯ ಎಂದು ಎಲ್ಲರೂ ತಿಳಿದಿದ್ದೆವು. ಅದು ಕೈಕೊಡುವುದು ಕಟ್ಟಡ ಗಿಡ್ಡವಾಗಿದ್ದಾಗ, ಯಾರಿಗೂ ಭಯವೇ ಇಲ್ಲದಿದ್ದಾಗ.

ಅದೇ ಪಟ್ಟಿಯನ್ನು ತಲೆಯ ಮೇಲಿನ ಬೀಮಿಗೆ ಸಿಕ್ಕಿಸಿ ಮೂಟೆಯನ್ನು ಮತ್ತೆ ಬೀಳಿಸಿದೆವು. ಈ ಸಲ ಬೂಟು ನೆಲದಿಂದ ಒಂದು ಮೀಟರಿಗಿಂತ ಹೆಚ್ಚು ಮೇಲೆ ತೂಗಾಡಿತು. ಆದರೆ ಹೊಸ ಸ್ಲ್ಯಾಬಿನ ಸೆಂಟ್ರಿಂಗ್ ಮೇಲೆ ನಿಂತವನಿಗೆ ತಲೆಯ ಮೇಲೆ ಆಕಾಶ ಬಿಟ್ಟರೆ ಏನಿರುತ್ತದೆ? ಕಾಲಮ್ಮಿನಿಂದ ಮೇಲೆ ಚಾಚಿಕೊಂಡ ಕಂಬಿಗಳು. ಹುಡುಗರು ಅದಕ್ಕೇ ಕೊಕ್ಕೆ ಹಾಕುತ್ತಿದ್ದರು, ಎಳೆದರೆ ತುದಿಯಿಂದ ಕಳಚಿ ಬರುವಂತೆ. ಒಬ್ಬ ಸೆಂಟ್ರಿಂಗಿಗೆ ಕೊಟ್ಟ ಊರುಗೋಲಿಗೇ ಸಿಕ್ಕಿಸಿಕೊಂಡಿದ್ದ. ಅವನು ಬಿದ್ದರೆ ಅದೂ ಅವನ ಜೊತೆಗೇ ಇಳಿಯುತ್ತಿತ್ತು. ತಪ್ಪು ಅವನದೆನ್ನಲು ನನಗೆ ಬಾಯಿ ಬರಲಿಲ್ಲ. ಕೊಕ್ಕೆ ಹಾಕು ಎಂದು ದಿನಕ್ಕೆ ಹತ್ತು ಸಲ ಕೂಗಿದ್ದೆ, ಎಲ್ಲಿಗೆ ಹಾಕಬೇಕೆಂದು ಒಮ್ಮೆಯೂ ತೋರಿಸಿರಲಿಲ್ಲ. ಅಮೆರಿಕದ ನಿಯಮ ಒಬ್ಬನ ಕೊಕ್ಕೆ ಸಿಕ್ಕಿಸುವ ಆಧಾರಬಿಂದು 22 ಕಿಲೋನ್ಯೂಟನ್ ತಡೆಯಬೇಕೆನ್ನುತ್ತದೆ, ಅಂದರೆ ಎರಡು ಟನ್ನಿಗಿಂತ ಹೆಚ್ಚಿನ ಭಾರ. ಊರುಗೋಲು ಯಾವ ಲೆಕ್ಕ!

ಸೊಂಟಕ್ಕಷ್ಟೇ ಕಟ್ಟುವ ಹಳೆಯ ಬೆಲ್ಟಿನ ಸುದ್ದಿಗೆ ಹೋಗುವುದೇ ಬೇಡ. ಬಿದ್ದವನನ್ನು ತಡೆಹಿಡಿಯಲು ಅದನ್ನು ಬಳಸುವಂತಿಲ್ಲ ಎಂದು ಅಮೆರಿಕದಲ್ಲಿ 1998ರಿಂದಲೇ ನಿಯಮವಿದೆ. ಹೊಡೆತವೆಲ್ಲ ಹೊಟ್ಟೆ, ಬೆನ್ನುಮೂಳೆಗಳ ಮೇಲೆಯೇ ಬೀಳುತ್ತದೆ. ನಮ್ಮ ಗೋದಾಮಿನಲ್ಲಿ ನಾಲ್ಕು ಸಿಕ್ಕಿದವು, ಮತ್ತೆ ಯಾರೂ ಎತ್ತಿಕೊಳ್ಳದಂತೆ ಕತ್ತರಿಸಿ ಹಾಕಿದೆ.

ಇನ್ನು ಬ್ಲಾಕ್. ಕಾರಿನ ಸೀಟ್ ಬೆಲ್ಟ್ ಹೇಗೆ ನಿಧಾನವಾಗಿ ಎಳೆದರೆ ಬರುತ್ತದೆ, ಥಟ್ಟನೆ ಎಳೆದರೆ ಕಚ್ಚಿಕೊಳ್ಳುತ್ತದೆ, ಹಾಗೆಯೇ ಇದು. ಮೇಲೆ ತೂಗುಹಾಕಿದ ಪೆಟ್ಟಿಗೆಯಿಂದ ತಂತಿ ಇಳಿದು ಬೆನ್ನಿನ ಬಳೆಗೆ ಸೇರುತ್ತದೆ, ಸದಾ ಬಿಗಿಯಾಗಿರುತ್ತದೆ. ಬಿದ್ದರೆ ಸುಮಾರು ಅರವತ್ತು ಸೆಂಟಿಮೀಟರಿನೊಳಗೆ ನಿಲ್ಲಿಸುತ್ತದೆ. ಮೂಟೆಯನ್ನು ನೇರ ಕೆಳಗೆ ಬಿಟ್ಟಾಗ ಬೂಟು ಒಂದಿಷ್ಟು ಕುಣಿದು ನಿಂತಿತು, ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಲ್ಯಾನ್ಯಾರ್ಡ್ ಸೋತ ಮೊದಲ ಮಹಡಿಯಲ್ಲಿ ಇದು ಗೆದ್ದಿತು.

ಚಪ್ಪಾಳೆ ಮುಗಿಯುವ ಮೊದಲು ಎರಡನೇ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ಬ್ಲಾಕ್ ಇದ್ದ ಜಾಗದಿಂದ ಮೂಟೆಯನ್ನು ಮೂರು ಮೀಟರ್ ಪಕ್ಕಕ್ಕೆ ಒಯ್ದು ಬಿಟ್ಟೆವು. ಅದು ಕೆಳಗೆ ಹೆಚ್ಚು ಇಳಿಯಲಿಲ್ಲ. ಲೋಲಕದಂತೆ ತೂಗಿ ಕಾಲಮ್ಮಿಗೆ ಬಡಿದು ಚೀಲ ಒಡೆಯಿತು, ಮರಳು ಮಳೆಯಂತೆ ಸುರಿಯಿತು. ಬಿದ್ದರೂ ಸಾಯದವನು ತೂಗಿ ಬಡಿದು ಸಾಯಬಹುದು. ಅಂದಿನಿಂದ ಪ್ರತಿ ಬ್ಲಾಕಿನ ಕೆಳಗೆ ಸ್ಲ್ಯಾಬಿನ ಮೇಲೆ ಬಣ್ಣದಿಂದ ವೃತ್ತ ಬರೆದೆವು. ವೃತ್ತ ದಾಟುವವನು ಮುಂದಿನ ಬ್ಲಾಕಿಗೆ ಬದಲಾಯಿಸಿಕೊಳ್ಳಬೇಕು.

ಬ್ಲಾಕಿಗೆ ಬೇರೆ ಬಿಗುಮಾನಗಳೂ ಇವೆ. ಕಂಬಿ ಹೊತ್ತು ಬಿರಬಿರನೆ ನಡೆದರೆ ಮಧ್ಯದಲ್ಲೇ ಕಚ್ಚಿಕೊಂಡು ಹಿಂದಕ್ಕೆ ಎಳೆಯುತ್ತದೆ. ಕಂಬಿ ಬಗ್ಗಿಸಿ ಕಟ್ಟುವ ಬಾರ್ ಬೆಂಡರುಗಳು ಅದನ್ನು ಬೈಯದ ದಿನವಿಲ್ಲ. ಸಿಮೆಂಟಿನ ಹಾಲು ಒಳಗೆ ಹೋದರೆ ಸ್ಪ್ರಿಂಗ್ ಸಾಯುತ್ತದೆ. ತಂತಿ ಸ್ಲ್ಯಾಬಿನ ಚೂಪು ಅಂಚಿನ ಮೇಲೆ ಮಡಿಚಿಕೊಂಡು ಭಾರ ಹೊರಬೇಕಾದರೆ ಸಾಮಾನ್ಯ ಬ್ಲಾಕ್ ಸಾಲದು, ಅಂಚಿಗೆಂದೇ ಪರೀಕ್ಷಿಸಿದ ಬಗೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದೂ ಮೇಲೊಂದು ಆಧಾರ ಕೇಳುತ್ತದೆ. ಕಾಲಮ್ ಎದ್ದ ಮೇಲೆ, ಮೇಲಿನ ಬೀಮ್ ಬಂದ ಮೇಲೆ ಇದು ರಾಜ. ಅದಕ್ಕೆ ಮೊದಲು ಪೆಟ್ಟಿಗೆಯಲ್ಲೇ ಕೂತಿರುತ್ತದೆ.

ಆಧಾರ ಇಲ್ಲದಿದ್ದರೆ ಎರಡು ಕಾಲಮ್ಮುಗಳ ನಡುವೆ ಉಕ್ಕಿನ ಹಗ್ಗ ಎಳೆದರಾಯಿತು ಎಂದು ಯಾರಾದರೂ ಹೇಳುತ್ತಾರೆ. ನಮ್ಮಲ್ಲೂ ಹೇಳಿದರು, ಎಳೆದೆವು, ವೀಣೆಯ ತಂತಿಯಂತೆ ಬಿಗಿದೆವು. ಆಮೇಲೆ ಎಂಜಿನಿಯರ್ ಒಬ್ಬರು ಕಾಗದದ ಮೇಲೆ ತ್ರಿಕೋನ ಬರೆದು ನನ್ನ ಸಂಭ್ರಮ ಇಳಿಸಿದರು. ಬಿದ್ದವನ ಎಳೆತ ಆರು ಕಿಲೋನ್ಯೂಟನ್ ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಹಗ್ಗ ಎರಡೂ ಕಡೆ ಹದಿನೈದು ಡಿಗ್ರಿ ಬಾಗಿದ್ದರೆ ಪ್ರತಿ ತುದಿಯ ಮೇಲೆ ಸುಮಾರು ಹನ್ನೆರಡು ಕಿಲೋನ್ಯೂಟನ್ ಬೀಳುತ್ತದೆ. ಐದು ಡಿಗ್ರಿಯಷ್ಟೇ ಬಾಗಿದ್ದರೆ ಮೂವತ್ತನಾಲ್ಕು. ಬಿಗಿದಷ್ಟೂ ಅಪಾಯ. ಸಡಿಲ ಬಿಟ್ಟರೆ ಬೀಳುವ ದೂರ ಹೆಚ್ಚುತ್ತದೆ. ಇದನ್ನು ಲೆಕ್ಕ ಬಲ್ಲವರು ವಿನ್ಯಾಸ ಮಾಡಬೇಕು, ಗೋದಾಮಿನಲ್ಲಿ ಸಿಕ್ಕ ಹಗ್ಗದಿಂದ ಆಗುವ ಕೆಲಸವಲ್ಲ. ನಾವು ಅದನ್ನು ಮರುದಿನವೇ ಬಿಚ್ಚಿದೆವು.

ಬಲೆಯ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಅದು ಕೆಲಸಗಾರನಿಂದ ಏನನ್ನೂ ಕೇಳುವುದಿಲ್ಲ. ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ 1930ರ ದಶಕದಲ್ಲಿ ಕೆಳಗೆ ಹರಡಿದ್ದ ಬಲೆ ಹತ್ತೊಂಬತ್ತು ಜನರನ್ನು ಉಳಿಸಿತು. ಅದೇ ಬಲೆಯ ಮಿತಿ 1937ರ ಫೆಬ್ರವರಿ 17ರಂದು ಗೊತ್ತಾಯಿತು: ಟನ್ನುಗಟ್ಟಲೆ ತೂಕದ ಸಾರವೆಯೊಂದು ಕಳಚಿ ಹನ್ನೆರಡು ಜನರ ಸಮೇತ ಬಲೆಯನ್ನು ಹರಿದುಕೊಂಡು ನೀರಿಗೆ ಬಿತ್ತು, ಹತ್ತು ಜನ ಸತ್ತರು. ಬಲೆ ಮನುಷ್ಯನ ತೂಕಕ್ಕೆ ಹೆಣೆದದ್ದು. ಬಲೆ ಇದೆಯೆಂದು ಮೇಲಿನ ಸಾರವೆಯ ತಪಾಸಣೆ ಬಿಡುವವರು ಇದನ್ನು ನೆನಪಿಡಬೇಕು.

ನಾಲ್ಕನೇ ಮಹಡಿಯಿಂದ ಆರರವರೆಗೆ ಸೆಂಟ್ರಿಂಗ್ ಕಟ್ಟುವಾಗಲೂ ಬಿಚ್ಚುವಾಗಲೂ ನಾವು ಬಲೆ ಬಳಸಿದೆವು. ಕೆಲಸದ ಮಟ್ಟದಿಂದ ಎಷ್ಟು ಹತ್ತಿರ ಕಟ್ಟಿದರೆ ಅಷ್ಟು ಮೇಲು. ಅಮೆರಿಕದ ಮಿತಿ ಒಂಬತ್ತು ಮೀಟರ್, ಆದರೆ ಅಷ್ಟು ದೂರ ಬಿಡುವ ಧೈರ್ಯ ನನಗಿಲ್ಲ. ಅಂಚಿನಿಂದ ಹೊರಗೂ ಚಾಚಬೇಕು, ಏಕೆಂದರೆ ಮುಗ್ಗರಿಸಿದವನು ನೇರವಾಗಿ ಕೆಳಗೆ ಬೀಳದೆ ಮುಂದಕ್ಕೆ ಹಾರುತ್ತಾನೆ. ಬಲೆ ಒಂದೂವರೆ ಮೀಟರ್ ಕೆಳಗಿದ್ದರೆ 2.4 ಮೀಟರ್ ಚಾಚು ಸಾಕು, ಮೂರು ಮೀಟರಿಗಿಂತ ಕೆಳಗಿದ್ದರೆ ನಾಲ್ಕು ಮೀಟರ್ ಬೇಕು. ಕೆಳಗೆ ಜೋಲಲು ಜಾಗವೂ ಬೇಕು. ಮೂಟೆ ಬೀಳಿಸಿದಾಗ ಬಲೆ ನಾನು ಊಹಿಸಿದ್ದಕ್ಕಿಂತ ತುಂಬ ಕೆಳಗೆ ಜೋಲಿತು. ಅಲ್ಲೊಂದು ಸಿಮೆಂಟ್ ಮೂಟೆಗಳ ರಾಶಿ ಇದ್ದಿದ್ದರೆ ಅದಕ್ಕೇ ಬಡಿಯುತ್ತಿತ್ತು.

ಬಲೆಯ ಕಾಟ ಅದರ ಗೃಹಕೃತ್ಯದ್ದು. ಒಂದು ವಾರದಲ್ಲಿ ಅದರ ತುಂಬ ಮೊಳೆ ಹೊಡೆದ ರೀಪರು, ಕಾಂಕ್ರೀಟ್ ಗಟ್ಟಿ, ಕಂಬಿಯ ತುಂಡುಗಳು. ಅದರ ಮೇಲೆ ಬಿದ್ದವನು ನೆಲಕ್ಕಿಂತ ಮೊದಲು ಮೊಳೆಗೆ ಸಿಗುತ್ತಾನೆ. ದಿನವೂ ಗುಡಿಸಲು ಇಬ್ಬರನ್ನು ನೇಮಿಸಬೇಕಾಯಿತು, ಆ ಇಬ್ಬರಿಗೆ ಮತ್ತೆ ಬೇರೆ ರಕ್ಷಣೆ. ವೆಲ್ಡಿಂಗಿನ ಕಿಡಿ ಒಂದೊಂದೇ ಎಳೆ ಸುಡುತ್ತದೆ, ಬಿಸಿಲು ಎಲ್ಲ ಎಳೆಗಳನ್ನೂ ಒಟ್ಟಿಗೆ ಸವೆಸುತ್ತದೆ. ಅಂದಹಾಗೆ, ಕಟ್ಟಡದ ಮೈಗೆ ಸುತ್ತುವ ಹಸಿರು ಬಟ್ಟೆ ಬಲೆಯಲ್ಲ. ಅದು ಧೂಳಿಗೆ. ಅದಕ್ಕೆ ಒರಗಿ ನಿಂತವನನ್ನು ನೋಡಿದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಕೊನೆಗೆ ರೇಲಿಂಗ್. ಇದರಲ್ಲಿ ಬೀಳುವ ಪ್ರಶ್ನೆಯೇ ಇಲ್ಲ, ಹಾಗಾಗಿ ಮೂಟೆ ಬೀಳಿಸುವ ಆಟವೂ ಇಲ್ಲ. ನೋಡಲು ತೀರಾ ನೀರಸ. ಮೇಲಿನ ಅಡ್ಡಪಟ್ಟಿ ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಂದು ಮೀಟರಿಗೆ ಕಡಿಮೆಯಿಲ್ಲದಂತೆ, ಮಧ್ಯೆ ಒಂದು, ಕೆಳಗೆ ಉಪಕರಣ ಉರುಳದಂತೆ ಹದಿನೈದು ಸೆಂಟಿಮೀಟರಿನ ಹಲಗೆ. ಮೊದಲು ಮರದ ರೀಪರಿಗೆ ಮೊಳೆ ಹೊಡೆದು ಮಾಡಿದೆವು. ಹೊರಮುಖವಾಗಿ ತೊಂಬತ್ತು ಕಿಲೋ ಎಳೆತ ತಡೆಯಬೇಕೆಂಬುದು ನಮ್ಮ ಅಳತೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಅರ್ಧದಲ್ಲೇ ಮೊಳೆ ಕಿತ್ತು ಬಂತು. ನಂಬಿಸಿ ಕೈಬಿಡುವ ಇಂತಹ ರೇಲಿಂಗಿಗಿಂತ ಬರಿಯ ಅಂಚೇ ವಾಸಿ, ಅಲ್ಲಿ ಕನಿಷ್ಠ ಎಚ್ಚರವಾದರೂ ಇರುತ್ತದೆ. ಎರಡನೇ ಸಲ ಸ್ಲ್ಯಾಬಿನ ಅಂಚನ್ನು ಕಚ್ಚಿ ಹಿಡಿಯುವ ಉಕ್ಕಿನ ಕ್ಲ್ಯಾಂಪು, ಅದರಲ್ಲಿ ಪೈಪು. ಅದು ಅಲುಗಲಿಲ್ಲ.

ರೇಲಿಂಗಿನ ಶತ್ರು ಕ್ರೇನ್. ಸಾಮಾನು ಇಳಿಸಲು ಎರಡು ಪೈಪು ತೆಗೆಯುತ್ತಾರೆ, ಸಾಮಾನು ಬರುತ್ತದೆ, ಊಟದ ಹೊತ್ತಾಗುತ್ತದೆ, ಪೈಪು ನೆಲದ ಮೇಲೆಯೇ ಉಳಿಯುತ್ತದೆ. ಬೇಸತ್ತು ಪ್ರತಿ ಮಹಡಿಗೆ ಒಂದೇ ಜಾಗದಲ್ಲಿ ಗೇಟು ಮಾಡಿಸಿದೆ. ಅದನ್ನು ತೆರೆಯುವವನು ಮೊದಲು ಹಿಂದಿನ ಕಾಲಮ್ಮಿನ ಬಳೆಗೆ ಗಿಡ್ಡ ಪಟ್ಟಿ ಸಿಕ್ಕಿಸಿಕೊಳ್ಳಬೇಕು. ಅಂಚನ್ನು ಮುಟ್ಟುವಷ್ಟು ಉದ್ದ, ದಾಟುವಷ್ಟಿಲ್ಲ. ಬೆಲ್ಟಿನ ಅತ್ಯುತ್ತಮ ಬಳಕೆ ಇದೇ ಎಂದು ನನಗೆ ಅನ್ನಿಸುತ್ತದೆ.

ಸ್ಲ್ಯಾಬಿನ ನಡುವಿನ ತೂತುಗಳು, ಪೈಪು ಹಾಯಲು ಬಿಟ್ಟ ಡಕ್ಟುಗಳು, ಲಿಫ್ಟ್ ಗುಂಡಿಗಳಿಗೂ ಇದೇ ಮಾತು. ಅವುಗಳ ಮೇಲೆ ಪ್ಲೈವುಡ್ ಹಾಸಿದರೆ ಮುಗಿಯಲಿಲ್ಲ. ಒಬ್ಬ ಹುಡುಗ ಆ ಹಾಳೆ ಬೇಕೆಂದು ಎತ್ತಿ, ಮುಖದ ಮುಂದೆ ಹಿಡಿದುಕೊಂಡು ಒಂದು ಹೆಜ್ಜೆ ಮುಂದಿಟ್ಟ. ಅಡಿಯಲ್ಲಿ ಇದ್ದದ್ದೇ ಗುಂಡಿ. ಡಕ್ಟಿನ ಕೆಳಗೆ ಬಲೆ ಇದ್ದದ್ದರಿಂದ ಕಾಲು ಉಳುಕಿಸಿಕೊಂಡು ಎದ್ದು ಬಂದ. ಈಗ ಪ್ರತಿ ಹಾಳೆಯನ್ನೂ ಕಾಂಕ್ರೀಟಿಗೆ ಬಿಗಿದು, ಮೇಲೆ 'ಗುಂಡಿ' ಎಂದು ಕೆಂಪಕ್ಷರದಲ್ಲಿ ಬರೆಸುತ್ತೇನೆ.

ಹೋಲಿಕೆಯಲ್ಲಿ ಯಾರೂ ಎಣಿಸದ ಇನ್ನೊಂದಿದೆ: ಬಿದ್ದ ಮೇಲಿನ ನಿಮಿಷಗಳು. ರೇಲಿಂಗಿನಲ್ಲಿ ಅವು ಇಲ್ಲ. ಬಲೆಯಲ್ಲಿ ಬಿದ್ದವನು ಹೆಚ್ಚಾಗಿ ತಾನೇ ತೆವಳಿ ಬರುತ್ತಾನೆ. ಲ್ಯಾನ್ಯಾರ್ಡಿನಲ್ಲಿಯೂ ಬ್ಲಾಕಿನಲ್ಲಿಯೂ ಅವನು ತೂಗಾಡುತ್ತಾ ಕಾಯಬೇಕು. ಎಷ್ಟು ಕಷ್ಟ ನೋಡೋಣ ಎಂದು ನೆಲದಿಂದ ಒಂದು ಅಡಿ ಮೇಲೆ ನಾನೇ ತೂಗಿಕೊಂಡೆ. ನಾಲ್ಕನೇ ನಿಮಿಷಕ್ಕೆ ತೊಡೆಯ ಪಟ್ಟಿಗಳು ಕಚ್ಚಿ ಕಾಲು ಜುಮುಗುಟ್ಟಿತು, ಆರಕ್ಕೆ ಇಳಿಸಿ ಎಂದೆ. ಕಾಲಿನಲ್ಲೇ ರಕ್ತ ನಿಂತರೆ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಆಮೇಲೆ ಐದನೇ ಮಹಡಿಯಿಂದ ಮೂಟೆಯನ್ನು ರಕ್ಷಿಸುವ ಅಭ್ಯಾಸ ಮಾಡಿದೆವು: ಏಣಿ ಹುಡುಕಿ, ಹಗ್ಗ ಹುಡುಕಿ, ಬೀಗದ ಕೈ ಹುಡುಕಿ ಇಪ್ಪತ್ತಾರು ನಿಮಿಷ. ಎಲ್ಲವನ್ನೂ ಆಯಾ ಮಹಡಿಯಲ್ಲೇ ಇಟ್ಟ ಮೇಲೆ ಎಂಟಕ್ಕೆ ಇಳಿಯಿತು. ಕಾಲಿಡಲು ಕುಣಿಕೆಯಿರುವ ಬೆಲ್ಟುಗಳನ್ನೂ ತರಿಸಿದೆವು. ತೂಗುವವನು ಅದರಲ್ಲಿ ನಿಂತು ತೊಡೆಯ ಬಿಗಿತ ಇಳಿಸಿಕೊಳ್ಳಬಹುದು.

ಏಳರಿಂದ ಒಂಬತ್ತನೇ ಮಹಡಿಯವರೆಗೆ ನಮ್ಮ ಕ್ರಮ ಹೀಗಿತ್ತು: ಸ್ಲ್ಯಾಬ್ ಹಾಕಿ ಅಂಚು ಗಟ್ಟಿಯಾದ ತಕ್ಷಣ ಕ್ಲ್ಯಾಂಪ್ ರೇಲಿಂಗ್, ಸೆಂಟ್ರಿಂಗ್ ಕೆಲಸಕ್ಕೆ ಬಲೆ, ಬೀಮಿನ ಕೆಳಗೆ ಅಂಚಿನ ಗೋಡೆ ಕಟ್ಟುವವರಿಗೆ ಬ್ಲಾಕ್. ಉದ್ದದ ಲ್ಯಾನ್ಯಾರ್ಡ್ ಕೊನೆಯ ಆಯ್ಕೆ, ಅದೂ ತಲೆಯ ಮೇಲೆ ಆಧಾರವಿದ್ದರೆ ಮಾತ್ರ. ಇದಕ್ಕೆಲ್ಲ ಬೇಕಾದ ಉಕ್ಕಿನ ಬಳೆಗಳನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕಾಲಮ್ಮಿನಲ್ಲಿ ಕೂರಿಸಬೇಕು. ಆರನೇ ಮಹಡಿಯವರೆಗೆ ಅದನ್ನು ಮರೆತು, ಗಟ್ಟಿಯಾದ ಕಾಲಮ್ಮುಗಳನ್ನು ಕೊರೆಯುತ್ತಾ ಅಂಚಿನಲ್ಲಿ ನಿಂತವರು ನಾವೇ. ಈಗ ಹೊಸ ಕಟ್ಟಡದ ನಕ್ಷೆ ಬಂದ ದಿನವೇ ಪೆನ್ಸಿಲ್ ಹಿಡಿದು ಪ್ರತಿ ಕಾಲಮ್ಮಿಗೂ ಎರಡು ಸಣ್ಣ ಸೊನ್ನೆ ಬರೆಯುತ್ತೇನೆ. ಸೊನ್ನೆ ಏನೆಂದು ಕೇಳಿದವರಿಗೆ ಉತ್ತರ ಕೊಡಲು ಆ ಬೂಟನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.