ಬೆನ್ನ ಮೇಲಿನ ಮೂಟೆ: ಬಲ ಅಂತ ಕೊಡೋದಾ, ವಸ್ತುವಾಗಿ ಜೋಡಿಸೋದಾ?

ದಾವಣಗೆರೆ ಎಪಿಎಂಸಿಯಲ್ಲಿ ಹಮಾಲಿಯೊಬ್ಬರು 50 ಕೆಜಿ ಮೆಕ್ಕೆಜೋಳದ ಚೀಲ ಬೆನ್ನಿಗೆ ಹಾಕಿಕೊಂಡು ನಡೆಯುತ್ತಾರೆ. ಅದನ್ನು ಓಪನ್‌ಸಿಮ್‌ನಲ್ಲಿ, ಅಂದರೆ ಮನುಷ್ಯ ದೇಹದ ಕಂಪ್ಯೂಟರ್ ಮಾಡೆಲ್ ಮಾಡಿ ಚಲನೆ, ಬಲ ಲೆಕ್ಕ ಹಾಕುವ ತಂತ್ರಾಂಶದಲ್ಲಿ, ತೋರಿಸಲು ಎರಡು ದಾರಿ.

ಒಂದು, ಹೊರಗಿನ ಬಲ. 50ನ್ನು 9.81ರಿಂದ ಗುಣಿಸಿದರೆ ಸುಮಾರು 490 ನ್ಯೂಟನ್. ಅದನ್ನು ಮುಂಡದ ಮೇಲೆ ಕೆಳಮುಖವಾಗಿ ಹಾಕಿದರಾಯ್ತು. ಸುಲಭ, ಅಲ್ವಾ? ಆದರೆ ಬಲದ ದಿಕ್ಕನ್ನು ನೆಲದ ಅಕ್ಷದಲ್ಲೇ (ದೇಹ ಬಗ್ಗಿದರೂ ಅದು ತಿರುಗದು) ಕೊಡಬೇಕು, ಬಲ ಬೀಳುವ ಜಾಗವನ್ನು ಮುಂಡದ ಅಕ್ಷದಲ್ಲಿ (ಅದು ದೇಹದ ಜೊತೆ ತಿರುಗುತ್ತದೆ). ನಾನು ಎರಡನ್ನೂ ಮುಂಡಕ್ಕೇ ಕೊಟ್ಟುಬಿಟ್ಟಿದ್ದೆ. ಮಾಡೆಲ್ ಮುಂದಕ್ಕೆ ಬಗ್ಗಿದಾಗ ಭಾರದ ಬಾಣವೂ ಜೊತೆಗೇ ತಿರುಗಿ ಹಿಂದಕ್ಕೆ ಎಳೆಯತೊಡಗಿತು. ಗುರುತ್ವ ಹಾಗೆಲ್ಲ ತಿರುಗುತ್ತದೆಯೇ!

ಇನ್ನೊಂದು, ಚೀಲವನ್ನೇ 50 ಕೆಜಿ ವಸ್ತುವಾಗಿ ಮುಂಡಕ್ಕೆ ಬಿಗಿಯಾಗಿ ಜೋಡಿಸುವುದು. ಕೆಲಸ ಸ್ವಲ್ಪ ಜಾಸ್ತಿ, ತೂಕದ ಕೇಂದ್ರ, ಜಡತ್ವ (ತಿರುಗಿಸಲು ಹೋದರೆ ಅದು ಎಷ್ಟು ತಡೆಯುತ್ತದೆ ಎಂಬುದು) ಎಲ್ಲಾ ಕೊಡಬೇಕು. ಆದರೆ ಚೀಲವನ್ನು ಪ್ರತಿ ಸೆಕೆಂಡಿಗೂ ಅದರ ವೇಗ 2 ಮೀ/ಸೆ ಹೆಚ್ಚುವಂತೆ ಝಾಡಿಸಿ ಎತ್ತಿದ ಕ್ಷಣದಲ್ಲಿ ಬೆನ್ನಿಗೆ ಬೀಳುವುದು 490 ಅಲ್ಲ, ಸುಮಾರು 590 ನ್ಯೂಟನ್. ಈ ಲೆಕ್ಕ ತಾನಾಗೇ ಬರುತ್ತದೆ.

ಸುಮ್ನೆ ನಿಂತ ಭಂಗಿಗೆ ಮೊದಲನೆಯದು ಸಾಕು. ನಡಿಗೆ, ಎತ್ತುವುದು, ಇಳಿಸುವುದು ಇದ್ದರೆ ನಾನು ಎರಡನೆಯದನ್ನೇ ಹಿಡಿಯುತ್ತೇನೆ. ಎರಡನ್ನೂ ಒಟ್ಟಿಗೆ ಹಾಕಬೇಡಿ, ಮೂಟೆ ಎರಡಾಗುತ್ತದೆ. ಪಾದದಡಿಯ ಫೋರ್ಸ್ ಪ್ಲೇಟ್ (ನೆಲದ ಮೇಲೆ ಬೀಳುವ ಬಲ ಅಳೆಯುವ ಹಲಗೆ) ಅಳತೆಯಲ್ಲಿ ಚೀಲದ ಭಾರ ಹೇಗೂ ಸೇರಿರುತ್ತದೆ. ಮಾಡೆಲ್‌ನಲ್ಲಿ ಚೀಲ ಮರೆತಿದ್ದರೆ ಸೊಂಟದ ಬಳಿ ಲೆಕ್ಕಕ್ಕೆ ಸಿಗದ 490 ನ್ಯೂಟನ್ ಉಳಿದುಕೊಂಡಿರುತ್ತದೆ.