ಕೆರೆನ್ ಯುದ್ಧದ ಬೋರ್ಡ್ ಗೇಮ್: ಮ್ಯಾಪ್ ಸೂಪರ್, ಬಿಲ್ಲೆಗಳು ಅಷ್ಟಕ್ಕಷ್ಟೇ

1941ರ ಫೆಬ್ರವರಿ-ಮಾರ್ಚ್‌ನಲ್ಲಿ ಇಟಲಿಯ ವಸಾಹತಾಗಿದ್ದ ಪೂರ್ವ ಆಫ್ರಿಕಾದ ಎರಿಟ್ರಿಯಾದಲ್ಲಿ, ಕೆರೆನ್ ಊರಿಗಾಗಿ ಬ್ರಿಟಿಷರ ಕಡೆಯವರಿಗೂ ಇಟಲಿಯವರಿಗೂ ನಡೆದ ಯುದ್ಧ ಈ ಆಟದ ವಿಷಯ. ಬಳ್ಳಾರಿಗೆ ಬರುವಷ್ಟರಲ್ಲಿ ಡಬ್ಬಿಯ ಮೂಲೆ ಚಪ್ಪಟೆಯಾಗಿತ್ತು. ಬಿಲ್ಲೆಗಳಂತೂ ತೆಳು, ಫ್ಯಾನ್ ಹಾಕಿದರೆ ಹಾರುತ್ತವೆ. ನಮ್ಮೂರ ಬಿಸಿಲಲ್ಲಿ ಫ್ಯಾನ್ ಇಲ್ಲದೆ ಕೂರೋಕಾಗುತ್ತಾ?

ಮ್ಯಾಪ್ ಮಾತ್ರ ಸೂಪರ್. ಡೊಂಗೊಲಾಸ್ ಕಣಿವೆಯಲ್ಲಿ ಒಂದೇ ರಸ್ತೆ, ಅದನ್ನೂ ಇಟಲಿಯವರು ಬಂಡೆ ಸ್ಫೋಟಿಸಿ ಮುಚ್ಚಿದ್ದಾರೆ, ಒಂದು ಕಡೆ ಸಾಂಚಿಲ್ ಬೆಟ್ಟ, ಇನ್ನೊಂದು ಕಡೆ ಡೊಲೊಗೊರೊಡೊಕ್ ಕೋಟೆ, ಮೇಲಿಂದ ಗುಂಡಿನ ಮಳೆ. ನೀರು, ಮದ್ದುಗುಂಡು ಎಲ್ಲಾ ಸೈನಿಕರೇ ಹೊತ್ತು ಹತ್ತಬೇಕು, ಹಾಗಾಗಿ ಹೊರುವವರನ್ನು ಬಿಟ್ಟರೆ ಹೊಡೆದಾಡೋಕೆ ಜನ ಕಮ್ಮಿ. ನಮ್ಮ ಕೋಟೆ ಗುಡ್ಡವನ್ನು ಮಧ್ಯಾಹ್ನ ಹತ್ತಿದವರಿಗೆ ಈ ನಿಯಮ ಬಿಡಿಸಿ ಹೇಳಬೇಕಿಲ್ಲ.

ಆಟದಲ್ಲಿ ಬ್ರಿಟಿಷರ ಕಡೆ ಹೋರಾಡುವ ಭಾರತದ 4 ಮತ್ತು 5ನೇ ಡಿವಿಷನ್‌ಗಳನ್ನು (ದೊಡ್ಡ ಸೇನಾ ಪಡೆಗಳನ್ನು) ನಡೆಸುವವರು ಆತುರಪಟ್ಟರೆ ಕೆಟ್ಟರು. ಫೆಬ್ರವರಿಯ ದಾಳಿಗಳು ನಿಜವಾಗಿಯೂ ವಿಫಲವಾಗಿದ್ದವು. ಸುಬೇದಾರ್ ರಿಚ್‌ಪಾಲ್ ರಾಮ್ ಪ್ರಾಣ ಕೊಟ್ಟದ್ದು ಆಗಲೇ, ಅವರಿಗೆ ಬ್ರಿಟನ್‌ನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಕೋಟೆ ಹಿಡಿದು, ರಸ್ತೆ ತೆರೆದು, ಊರು ಕೈಗೆ ಬಂದದ್ದು ಮಾರ್ಚ್ 27ಕ್ಕೆ. ರಿಚ್‌ಪಾಲ್ ರಾಮ್ ಹೆಸರಲ್ಲಿ ಆಟದಲ್ಲಿ ಒಂದು ಬಿಲ್ಲೆಯೂ ಇಲ್ಲ, ಇದು ಬೇಜಾರು.

ನಿಯಮದ ಪುಸ್ತಕ ಇಂಗ್ಲಿಷ್‌ನಲ್ಲಿದೆ, ಅಕ್ಷರ ತುಂಬಾ ಸಣ್ಣದು. ಐದಕ್ಕೆ ಮೂರೂವರೆ ಕೊಡುತ್ತೇನೆ. ತಗೊಂಡರೆ ಬಿಲ್ಲೆಗಳ ಹಿಂದೆ ದಪ್ಪ ರಟ್ಟು ಅಂಟಿಸಿಕೊಳ್ಳಿ.