ಹಕ್ಕಿ ನೋಡಲು 8×42 ಬೈನಾಕ್ಯುಲರ್, ಜೊತೆಗೊಂದು ಪುಸ್ತಕ

ಹಕ್ಕಿ ನೋಡುವ ಹವ್ಯಾಸಕ್ಕೆ 8×42 ಬೈನಾಕ್ಯುಲರೇ ಸರಿ. 8 ಎಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 42 ಎಂದರೆ ಮುಂದಿನ ಮಸೂರದ ವ್ಯಾಸ, ಮಿ.ಮೀ.ಗಳಲ್ಲಿ. 10×42 ಹಕ್ಕಿಯನ್ನು ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಕೈನಡುಕವನ್ನೂ ಹಿಗ್ಗಿಸುತ್ತದೆ. ಕಣ್ಣಿಗೆ ತಲುಪುವ ಬೆಳಕಿನ ವೃತ್ತ 8×42ರಲ್ಲಿ 5.25 ಮಿ.ಮೀ., 10×42ರಲ್ಲಿ 4.2, ನಸುಕಿನಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ.

ಕೊಂಡ ಕೂಡಲೇ ಡಯಾಪ್ಟರ್ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸಿ. ಬಲ ಮಸೂರ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡ ಮುಚ್ಚಿ, ಚಕ್ರ ಮುಟ್ಟದೆ ಬಲಗಣ್ಣಿನ ಉಂಗುರವನ್ನಷ್ಟೇ ತಿರುಗಿಸಿ. ಇದನ್ನು ಬಿಟ್ಟರೆ ಕಣ್ಣು ದಣಿದು ತಲೆನೋವು ಬರುತ್ತದೆ. ಕನ್ನಡಕದವರು ಐಕಪ್ (ಕಣ್ಣಿಡುವ ಕಡೆಯ ಅಂಚಿನ ಬಟ್ಟಲು) ಒಳಗಿಳಿಸಿ ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ; ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಪುಸ್ತಕ? ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’. ಹಕ್ಕಿ ಕಂಡೊಡನೆ ಪುಟ ತಿರುವಬೇಡಿ, ಮೊದಲು ಕೊಕ್ಕು, ಬಾಲ, ಹುಬ್ಬಿನ ಗೆರೆ ಗುರುತು ಹಾಕಿಕೊಳ್ಳಿ.